ಹರಿಕೇನ್ ಬರ್ತಿದೆ ಅಂದಾಗ ಎಲ್ರೂ ಗಾಳಿ ನೋಡ್ತಾರೆ, ದುಡ್ಡು ಮಾತ್ರ ನೀರಲ್ಲಿ ಹೋಗತ್ತೆ

ಬೆಳಿಗ್ಗೆ 5, ಆಮೇಲೆ 11, ಸಾಯಂಕಾಲ 5, ರಾತ್ರಿ 11. ಫ್ಲೋರಿಡಾದಲ್ಲಿ ಇರೋರಿಗೆ ಸೆಪ್ಟೆಂಬರ್ ಬಂತು ಅಂದ್ರೆ ಗಡಿಯಾರದಲ್ಲಿ ಕಾಣೋದು ಈ ನಾಲ್ಕೇ ಟೈಮು, ಯಾಕಂದ್ರೆ ಮಯಾಮಿಯಲ್ಲಿರೋ ನ್ಯಾಷನಲ್ ಹರಿಕೇನ್ ಸೆಂಟರ್ ಹೊಸ ಅಡ್ವೈಸರಿ ಬಿಡೋದು ಈ ಹೊತ್ತಿಗೆ. ತೀರ ಹತ್ರ ಬಂದ್ಮೇಲೆ ಮೂರು ಗಂಟೆಗೊಂದು ಸಲ ಬರತ್ತೆ. ಸೀಸನ್ನು ಜೂನ್ 1ರಿಂದ ನವೆಂಬರ್ 30ರ ತನಕ. ನಾವಿರೋದು ಟ್ಯಾಂಪಾ ಬೇ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, 2024ರಲ್ಲಿ ಹೆಲೀನ್ ಅನ್ನೋ ಹರಿಕೇನ್ (ಚಂಡಮಾರುತ) ಬಂದು ಹೋಗಿ ಇನ್ನೂ ಎರಡು ವಾರ ಆಗಿರ್ಲಿಲ್ಲ, ಮಿಲ್ಟನ್ ಅನ್ನೋ ಇನ್ನೊಂದು ಬಂತು. ಆ ಎರಡು ವಾರದಲ್ಲಿ ನಾನು ಕಲ್ತಿದ್ದನ್ನ ಹೊಸದಾಗಿ ಇಲ್ಲಿ ಮನೆ ತಗೊಳ್ತಿರೋ ನಮ್ಮ ಜನಕ್ಕೆ ಹೇಳ್ಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ಇಪ್ಪತ್ತು ಪರ್ಸೆಂಟ್ ಡೌನ್ ಪೇಮೆಂಟ್ ಕಟ್ಟಕ್ಕೆ ಎಷ್ಟು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿರ್ತೀವಿ ಅಂತ ಕಟ್ಟಿದವರಿಗೇ ಗೊತ್ತು, ಅದು ಒಂದು ರಾತ್ರಿಯಲ್ಲಿ ಹೋಗೋದು ಹೆಚ್ಚಾಗಿ ಬಿರುಗಾಳಿಯಿಂದ ಅಲ್ಲ, ನಾವು ಓದದೇ ಸೈನ್ ಹಾಕಿದ ಪೇಪರ್‌ನಿಂದ.

ಮೊದ್ಲು ಆ ಮ್ಯಾಪ್ ವಿಷಯ. ಟಿವಿಯಲ್ಲಿ ಬಿಳೀ ಬಣ್ಣದ ಒಂದು ಶಂಕು ತೋರಿಸ್ತಾರಲ್ಲ, ಕೋನ್ ಅಂತಾರೆ, ಅದನ್ನ ನೋಡಿ "ನಮ್ಮೂರು ಹೊರಗಿದೆ, ಬಚಾವ್" ಅಂತ ಉಸಿರು ಬಿಡೋರೇ ಜಾಸ್ತಿ. ಆದ್ರೆ ಆ ಕೋನ್ ಹೇಳೋದು ಒಂದೇ ವಿಷಯ, ಚಂಡಮಾರುತದ ನಡುಮಧ್ಯದ ಬಿಂದು ಎಲ್ಲಿ ಹೋಗ್ಬಹುದು ಅಂತ. ಹಿಂದಿನ ಐದು ವರ್ಷದ ಫೋರ್ಕಾಸ್ಟ್‌ಗಳಲ್ಲಿ ಎಷ್ಟು ತಪ್ಪಾಗಿತ್ತು ಅಂತ ಲೆಕ್ಕ ಹಾಕಿ, ಮೂರರಲ್ಲಿ ಎರಡು ಸಲ ಒಳಗೆ ಬೀಳೋ ಹಾಗೆ ಆ ಅಗಲ ಬರೀತಾರೆ, ಅಂದ್ರೆ ಮೂರರಲ್ಲಿ ಒಂದು ಸಲ ಆ ಬಿಂದುನೇ ಗೆರೆ ದಾಟಿ ಹೋಗತ್ತೆ. ಇನ್ನು ಆ ಬಿಂದುವಿನ ಸುತ್ತ ನೂರಾರು ಮೈಲಿ ಹರಡಿರೋ ಗಾಳಿ, ಮಳೆ, ಉಬ್ಬಿದ ಸಮುದ್ರ ಇವೆಲ್ಲ ಆ ಚಿತ್ರದಲ್ಲಿ ಇರೋದೇ ಇಲ್ಲ.

ಹೆಲೀನ್ ಅದಕ್ಕೆ ಕಣ್ಣೆದುರಿನ ಉದಾಹರಣೆ. ಕೊನೇ ದಿನಗಳ ಕೋನ್‌ನಲ್ಲಿ ಟ್ಯಾಂಪಾ ಬೇ ಇರ್ಲೇ ಇಲ್ಲ, 2024ರ ಸೆಪ್ಟೆಂಬರ್ 26ರ ರಾತ್ರಿ ಅದು ದಡ ಸೇರಿದ್ದು ನಮ್ಮಿಂದ ನೂರಕ್ಕೂ ಹೆಚ್ಚು ಮೈಲಿ ಉತ್ತರಕ್ಕೆ, ಪೆರಿ ಅನ್ನೋ ಊರಿನ ಹತ್ರ, ಕ್ಯಾಟಗರಿ 4, ಗಂಟೆಗೆ 140 ಮೈಲಿ. ನಮ್ಮೂರಲ್ಲಿ ಗಾಳಿ ಇತ್ತು, ಆದ್ರೆ ಮನೆ ಬೀಳಿಸೋ ಗಾಳಿ ಅಲ್ಲ. ನೀರು ಮಾತ್ರ ಮಾಮೂಲಿ ಭರತದ ಮಟ್ಟಕ್ಕಿಂತ 6 ಅಡಿಗೂ ಮೇಲೆ ಬಂತು. ನಮ್ಮೂರು ಇರೋ ಪಿನೆಲಸ್ ಕೌಂಟಿಯಲ್ಲಿ (ಜಿಲ್ಲೆ ಇದ್ದ ಹಾಗೆ) ಜನ ಸ್ವಂತ ಮನೆಯೊಳಗೇ ಮುಳುಗಿ ಸತ್ರು.

ನಾವು ಅವತ್ತು ಮಧ್ಯಾಹ್ನವೇ ಹೊರಟು ಒಳಗಡೆ ಎತ್ತರದಲ್ಲಿರೋ ಸ್ನೇಹಿತರ ಮನೆಗೆ ಹೋಗಿದ್ವಿ. ರಾತ್ರಿ ಕೂತು ಡೋರ್‌ಬೆಲ್ ಕ್ಯಾಮೆರಾದಲ್ಲಿ ನಮ್ಮ ಬೀದಿ ನೋಡ್ತಾ ಇದ್ವಿ. ಮೊದ್ಲು ಚರಂಡಿ ಬಾಯಿಂದ ನೀರು ಉಕ್ಕಕ್ಕೆ ಶುರು ಆಯ್ತು, ಮಳೆ ಇಲ್ಲ ಏನಿಲ್ಲ, ನೀರು ಕೆಳಗಿಂದ ಮೇಲಕ್ಕೆ ಬರ್ತಿದೆ. ಆಮೇಲೆ ರಸ್ತೆ ಕಾಣದಾಯ್ತು, ಎದುರುಮನೆಯವರ ಕಸದ ಡಬ್ಬಿ ಮೆಲ್ಲಗೆ ತೇಲ್ಕೊಂಡು ನಮ್ಮ ಡ್ರೈವ್‌ವೇಗೆ ಬಂತು, ಮೆಟ್ಟಿಲು ಒಂದೊಂದಾಗಿ ಹೋಯ್ತು, ಕೊನೇ ಮೆಟ್ಟಿಲು ಕಾಣ್ತಾ ಇರೋವಾಗ ಕರೆಂಟ್ ಹೋಗಿ ಸ್ಕ್ರೀನ್ ಕಪ್ಪಾಯ್ತು. ಅಲ್ಲಿಂದ ಬೆಳಗಾಗೋ ತನಕ ಇಬ್ರೂ ಮಾತಾಡ್ಲಿಲ್ಲ.

ಗಾಳಿ ಕಮ್ಮಿ ಇದ್ರೂ ನೀರು ಅಷ್ಟು ಯಾಕೆ ಬಂತು ಅಂತ ಅರ್ಥ ಮಾಡ್ಕೊಂಡ್ರೆ ಮುಂದಿನದೆಲ್ಲ ಸುಲಭ. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತ ತಿರುಗೋದು ಗಡಿಯಾರಕ್ಕೆ ಉಲ್ಟಾ. ಹಾಗಾಗಿ ಅದು ಸಾಗೋ ದಿಕ್ಕಿಗೆ ಬಲಗಡೆ ಇರೋ ಕರಾವಳಿಗೆ ಗಾಳಿ ಸಮುದ್ರವನ್ನ ದಡದ ಕಡೆ ತಳ್ಳತ್ತೆ, ಎಡಗಡೆ ಇರೋ ಕಡೆ ದಡದಿಂದ ಸಮುದ್ರದ ಕಡೆ ತಳ್ಳತ್ತೆ. ನಮ್ಮ ಪಶ್ಚಿಮಕ್ಕಿರೋ ಮೆಕ್ಸಿಕೊ ಕೊಲ್ಲಿ, ಇಲ್ಲಿ ಗಲ್ಫ್ ಅಂತಾರೆ, ಅದರ ಈ ಭಾಗದಲ್ಲಿ ಸಮುದ್ರ ಬಹಳ ದೂರದವರೆಗೂ ಆಳ ಇಲ್ಲ, ತಳ್ಳಿದ ನೀರಿಗೆ ಕೆಳಗೆ ಇಳಿಯಕ್ಕೆ ಜಾಗ ಇಲ್ಲ, ಅದು ಮೇಲೇರಿ ಊರೊಳಗೆ ನುಗ್ಗತ್ತೆ. ಇದಕ್ಕೇ ಸ್ಟಾರ್ಮ್ ಸರ್ಜ್ ಅನ್ನೋದು. ಸುನಾಮಿ ತರ ಗೋಡೆ ಎದ್ದು ಬರಲ್ಲ, ಹಾಲು ಉಕ್ಕಿದ ಹಾಗೆ ಸದ್ದಿಲ್ಲದೆ ಬರತ್ತೆ. ಹೆಲೀನ್ ನಮ್ಮ ಪಶ್ಚಿಮಕ್ಕೆ ಸಮುದ್ರದಲ್ಲೇ ಉತ್ತರಕ್ಕೆ ಹೋಯ್ತು, ನಾವು ಅದರ ಬಲಗಡೆ ಸಿಕ್ಕಿಹಾಕ್ಕೊಂಡ್ವಿ. ಮಿಲ್ಟನ್ ಅಕ್ಟೋಬರ್ 9ಕ್ಕೆ ನಮ್ಮ ದಕ್ಷಿಣಕ್ಕೆ ಸಿಯೆಸ್ಟಾ ಕೀಯಲ್ಲಿ ದಡ ಹತ್ತಿತು, ನಾವು ಎಡಗಡೆ ಆದ್ವಿ, ಬೇಯಲ್ಲಿದ್ದ ನೀರೇ ಹಿಂದಕ್ಕೆ ಸರಿದು ತಳದ ಮಣ್ಣು ಕಾಣಿಸ್ತು. 2017ರ ಇರ್ಮಾದಲ್ಲೂ 2022ರ ಇಯಾನ್‌ನಲ್ಲೂ ಹಾಗೇ ಆಗಿತ್ತು. ಇಯಾನ್ ಮೊದ್ಲು ಟ್ಯಾಂಪಾ ಕಡೆ ಅಂತಿದ್ರು, ಕೊನೆಗೆ ದಕ್ಷಿಣಕ್ಕೆ ಹೊರಳಿ ಗಂಟೆಗೆ 150 ಮೈಲಿ ಗಾಳಿಯಲ್ಲಿ ಕಾಯೋ ಕೋಸ್ಟಾದಲ್ಲಿ ದಡ ಹತ್ತಿತು, ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೆಲದ ಮೇಲೆ 10ರಿಂದ 15 ಅಡಿ ನೀರು. ಕೆಲವೇ ಮೈಲಿ ಆಚೆ ಈಚೆ ಆಗೋದ್ರಲ್ಲಿ ಒಂದೂರು ಉಳಿಯತ್ತೆ, ಇನ್ನೊಂದೂರು ತೊಳೆದುಹೋಗತ್ತೆ, ನಾವು ಬಚಾವ್ ಅಂತ ಖುಷಿ ಪಡಕ್ಕೂ ಮನಸು ಬರಲ್ಲ.

ಕ್ಯಾಟಗರಿ ನಂಬರ್ ಇದೆಯಲ್ಲ, ಸ್ಯಾಫಿರ್-ಸಿಂಪ್ಸನ್ ಸ್ಕೇಲ್, ಅದು ಬರೀ ಗಾಳಿಯ ಲೆಕ್ಕ. 74 ಮೈಲಿಗೆ ಕ್ಯಾಟಗರಿ 1, 111ಕ್ಕೆ 3, 157 ಮುಟ್ಟಿದ್ರೆ 5. ನೀರಿನ ಬಗ್ಗೆ, ಮಳೆ ಬಗ್ಗೆ, ಸೈಜ್ ಬಗ್ಗೆ ಅದು ಏನೂ ಹೇಳಲ್ಲ. ಗಾಳಿಯನ್ನ ಹಗುರವಾಗಿ ತಗೊಳ್ಳಿ ಅಂತಿಲ್ಲ, ವೇಗ ಎರಡರಷ್ಟಾದ್ರೆ ಗೋಡೆ ಮೇಲಿನ ಒತ್ತಡ ನಾಲ್ಕರಷ್ಟಾಗತ್ತೆ. ಆದ್ರೆ ಇಲ್ಲಿ ಹಳಬರು ಹೇಳೋ ಮಾತೊಂದಿದೆ, ನೀರಿಂದ ಓಡು, ಗಾಳಿಯಿಂದ ಬಚ್ಚಿಟ್ಕೊ ಅಂತ. ಫ್ಲೋರಿಡಾದಲ್ಲಿ ಆಂಡ್ರೂ ಚಂಡಮಾರುತ 1992ರಲ್ಲಿ ದಕ್ಷಿಣ ಮಯಾಮಿ ಕಡೆ ಊರಿಗೂರೇ ನೆಲಸಮ ಮಾಡಿದ ಮೇಲೆ ಕಟ್ಟಡದ ನಿಯಮ ಬಿಗಿ ಮಾಡಿದ್ರು, 2002ರಿಂದ ಇಡೀ ರಾಜ್ಯಕ್ಕೆ ಒಂದೇ ಬಿಲ್ಡಿಂಗ್ ಕೋಡ್ ಬಂತು. ಅದಾದ್ಮೇಲೆ ಕಟ್ಟಿದ ಮನೆ, ಕಿಟಕಿಗೆ ಶಟರ್, ಒಳ್ಳೆ ಗ್ಯಾರೇಜ್ ಬಾಗಿಲು ಇದ್ರೆ ಗಾಳಿಗೆ ತಕ್ಕಮಟ್ಟಿಗೆ ನಿಲ್ಲತ್ತೆ. ನೀರಿಗೆ ಯಾವ ಶಟರೂ ಇಲ್ಲ.

ಈಗ ಝೋನ್ ಗೊಂದಲ, ಇದರಲ್ಲಿ ಇಂಜಿನಿಯರ್‌ಗಳೂ ಎಡವೋದು ನೋಡಿದೀನಿ. ಇಲ್ಲಿ ಎರಡು ಬೇರೆ ಬೇರೆ ಝೋನ್ ಇದೆ. ಒಂದು ಇವ್ಯಾಕ್ಯುಯೇಷನ್ ಝೋನ್, ಎ, ಬಿ, ಸಿ ಅಂತ ಅಕ್ಷರ, ಅದು ಸರ್ಜ್ ಬಂದ್ರೆ ಯಾರು ಮೊದ್ಲು ಮನೆ ಬಿಡ್ಬೇಕು ಅನ್ನೋದಕ್ಕೆ, ಅಂದ್ರೆ ಜೀವದ ಲೆಕ್ಕ. ಇನ್ನೊಂದು ಫೆಮಾ, ಅಂದ್ರೆ ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ, ಮಾಡಿರೋ ಫ್ಲಡ್ ಝೋನ್, ಎಇ, ವಿಇ, ಎಕ್ಸ್ ಅಂತ, ಅದು ಇನ್ಶೂರೆನ್ಸು ಮತ್ತೆ ಸಾಲದ ಲೆಕ್ಕ. ಎಇ, ವಿಇ ಅಂದ್ರೆ ಯಾವುದೇ ಒಂದು ವರ್ಷದಲ್ಲಿ ನೂರಕ್ಕೆ ಒಂದು ಚಾನ್ಸ್ ಇರೋ ದೊಡ್ಡ ನೆರೆಯಲ್ಲಿ ಮುಳುಗೋ ಜಾಗ. ನೂರಕ್ಕೆ ಒಂದು ತಾನೆ ಅನ್ಸತ್ತೆ, ಆದ್ರೆ 30 ವರ್ಷದ ಸಾಲ ಮುಗಿಯೋದ್ರೊಳಗೆ ಅದು ನೂರಕ್ಕೆ 26 ಆಗತ್ತೆ. ಫೆಡರಲ್ ಬೆಂಬಲ ಇರೋ ಸಾಲ ತಗೊಂಡಿದ್ರೆ ಆ ಝೋನ್‌ಗಳಲ್ಲಿ ಫ್ಲಡ್ ಇನ್ಶೂರೆನ್ಸ್ ಕಡ್ಡಾಯ. ಎಕ್ಸ್‌ನಲ್ಲಿ ಕಡ್ಡಾಯ ಇಲ್ಲ, ಅದಕ್ಕೇ ಮನೆ ತೋರಿಸೋರು "ಎಕ್ಸ್ ಝೋನ್ ಸಾರ್, ಫ್ಲಡ್ ಬೇಡವೇ ಬೇಡ" ಅಂತಾರೆ. ಕಡ್ಡಾಯ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ.

ಈಗ ದುಡ್ಡಿನ ಮಾತು, ನನಗೆ ಹೇಳ್ಬೇಕಾಗಿರೋದೇ ಇದು. ಮನೆ ಇನ್ಶೂರೆನ್ಸ್ ಅಂತ ನಾವು ವರ್ಷಾ ವರ್ಷಾ ಸಾವಿರಾರು ಡಾಲರ್ ಕಟ್ತೀವಲ್ಲ, ಆ ಹೋಮ್‌ಓನರ್ಸ್ ಪಾಲಿಸಿಯಲ್ಲಿ ಫ್ಲಡ್ ಸೇರಿರಲ್ಲ. ಸುಲಭವಾಗಿ ಹೇಳ್ಬೇಕಂದ್ರೆ ಮೇಲಿಂದ ಬಂದ ನೀರು ಬೇರೆ, ಕೆಳಗಿಂದ ಬಂದ ನೀರು ಬೇರೆ. ಗಾಳಿಗೆ ಚಾವಣಿ ಕಿತ್ತು ಆ ಸಂದಿಯಿಂದ ಮಳೆ ಒಳಗೆ ಬಂತಾ, ಅದು ಹೋಮ್‌ಓನರ್ಸ್. ಅದೇ ಮಳೆ ನೆಲದ ಮೇಲೆ ನಿಂತು, ಏರಿ, ಬಾಗಿಲ ಕೆಳಗಿಂದ ಬಂತಾ, ಅದು ಫ್ಲಡ್, ಅದಕ್ಕೆ ಬೇರೆ ಪಾಲಿಸಿ. ಅದೇ ಆಕಾಶ, ಅದೇ ಮಳೆ, ಅದೇ ಒದ್ದೆ ಕಾರ್ಪೆಟ್. ಮಿಲ್ಟನ್ ರಾತ್ರಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ ಆಯ್ತು, ಟ್ರಾಪಿಕಾನಾ ಫೀಲ್ಡ್ ಅನ್ನೋ ಬೇಸ್‌ಬಾಲ್ ಸ್ಟೇಡಿಯಂ ಚಾವಣಿನೇ ಹರಿದುಹೋಯ್ತು, ಊರಲ್ಲಿ ಒಂದು ಕ್ರೇನ್ ಬಿತ್ತು. ನಮ್ಮ ಪರಿಚಯದವರೊಬ್ರದ್ದು ಎಕ್ಸ್ ಝೋನ್, ಸಮುದ್ರದಿಂದ ದೂರ, ಫ್ಲಡ್ ಪಾಲಿಸಿ ಇಲ್ಲ. ಮನೆಯೊಳಗೆ ಬಂದಿದ್ದು ಎರಡೇ ಇಂಚು ನೀರು, ಚಾವಣಿಗೆ ಏನೂ ಆಗಿರ್ಲಿಲ್ಲ. ಅವರ ಹೋಮ್‌ಓನರ್ಸ್ ಕಂಪನಿಯಿಂದ ಒಂದು ಪುಟದ ಲೆಟರ್ ಬಂತು, ಇದು ಸರ್ಫೇಸ್ ವಾಟರ್ (ನೆಲದ ಮೇಲೆ ನಿಂತು ಬಂದ ನೀರು), ನಮ್ಮ ಪಾಲಿಸಿಗೆ ಬರಲ್ಲ ಅಂತ. ನೆಲ, ಗೋಡೆಯ ಕೆಳಭಾಗ, ಅಡುಗೆಮನೆ ಕ್ಯಾಬಿನೆಟ್, ಎಲ್ಲ ಕೈಯಿಂದ. ಒಂದು ಇಂಚು ನೀರೇ 25,000 ಡಾಲರ್‌ವರೆಗೂ ನಷ್ಟ ಮಾಡ್ಬಹುದು ಅಂತ ಫೆಮಾದವರು ಹೇಳ್ತಾರೆ, ಆ ಲೆಟರ್ ಓದಿದ್ಮೇಲೆ ಅದು ಜಾಹೀರಾತಿನ ಮಾತು ಅನ್ಸಲ್ಲ.

ಫ್ಲಡ್ ಪಾಲಿಸಿ ಹೆಚ್ಚಿನವರು ತಗೊಳ್ಳೋದು ಎನ್‌ಎಫ್‌ಐಪಿ ಅನ್ನೋ ಸರ್ಕಾರಿ ಯೋಜನೆಯಿಂದ, 1968ರಿಂದ ಇದೆ. ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000. ಸಾಮಾನಿಂದು ಬೇರೆ ಕೇಳಿ ಹಾಕಿಸ್ಬೇಕು, ಕಟ್ಟಡದ ಕವರೇಜ್ ಜೊತೆ ತಾನಾಗಿ ಬರಲ್ಲ. ಮನೆ ಬಿಟ್ಟು ಬಾಡಿಗೆಗೆ ಇರ್ಬೇಕಾಗಿ ಬಂದ್ರೆ ಆ ಬಾಡಿಗೆ ಇದರಲ್ಲಿ ಸಿಗಲ್ಲ. ಎಲ್ಲಕ್ಕಿಂತ ಮುಖ್ಯ, ಸಾಮಾನ್ಯವಾಗಿ ಪಾಲಿಸಿ ತಗೊಂಡು 30 ದಿನ ಆದ್ಮೇಲೆನೇ ಅದು ಜಾರಿಗೆ ಬರೋದು. ಹೋಮ್‌ಓನರ್ಸ್ ಕಡೆಯೂ ಅಷ್ಟೇ, ಫ್ಲೋರಿಡಾ ಮೇಲೆ ವಾಚ್ ಅಥವಾ ವಾರ್ನಿಂಗ್ ಅನ್ನೋ ಅಧಿಕೃತ ಎಚ್ಚರಿಕೆ ಬಂದ್ರೆ ಕಂಪನಿಗಳು ಹೊಸ ಪಾಲಿಸಿ ಬರೆಯೋದು, ಕವರೇಜ್ ಏರ್ಸೋದು ಎಲ್ಲ ನಿಲ್ಲಿಸ್ತಾವೆ. ಕೋನ್ ನೋಡಿ ಏಜೆಂಟ್‌ಗೆ ಫೋನ್ ಮಾಡೋದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಕೇಳ್ಬೇಕಾಗಿರೋದು ಏಪ್ರಿಲ್ ಮೇ ತಿಂಗಳಲ್ಲಿ.

ಇನ್ನೊಂದು ಗುಂಡಿ ಹರಿಕೇನ್ ಡಿಡಕ್ಟಿಬಲ್. ಡಿಡಕ್ಟಿಬಲ್ ಅಂದ್ರೆ ಕಂಪನಿ ದುಡ್ಡು ಕೊಡೋ ಮೊದ್ಲು ನಾವೇ ಕೈಯಿಂದ ಹಾಕ್ಬೇಕಾದ ಮೊತ್ತ. ಮಾಮೂಲಿ ಡಿಡಕ್ಟಿಬಲ್ ಸಾವಿರವೋ ಎರಡು ಸಾವಿರವೋ ಇರತ್ತೆ, ಆದ್ರೆ ಹರಿಕೇನ್‌ದು ಪರ್ಸೆಂಟ್ ಲೆಕ್ಕ, ಫ್ಲೋರಿಡಾದಲ್ಲಿ 500 ಡಾಲರ್, 2, 5, 10 ಪರ್ಸೆಂಟ್ ಅಂತ ಆಯ್ಕೆ ಕೊಡ್ತಾರೆ. ಪರ್ಸೆಂಟ್ ಯಾವುದರ ಮೇಲೆ? ನಷ್ಟದ ಮೇಲಲ್ಲ, ಮನೆಯ ಇನ್ಶೂರೆನ್ಸ್ ಮೊತ್ತದ ಮೇಲೆ. 4,00,000ಕ್ಕೆ ಮನೆ ಇನ್ಶೂರ್ ಆಗಿದ್ರೆ 2 ಪರ್ಸೆಂಟ್ ಅಂದ್ರೆ 8,000, 5 ಪರ್ಸೆಂಟ್ ಅಂದ್ರೆ 20,000. ಚಾವಣಿ ರಿಪೇರಿ 18,000 ಆಯ್ತು ಅಂತಿಟ್ಕೊಳ್ಳಿ, 5 ಪರ್ಸೆಂಟ್ ಇದ್ದೋರಿಗೆ ಒಂದು ಡಾಲರೂ ಬರಲ್ಲ. ಪ್ರೀಮಿಯಂ ಕಮ್ಮಿ ಆಗತ್ತೆ ಅಂತ 5ಕ್ಕೋ 10ಕ್ಕೋ ಟಿಕ್ ಹಾಕಿ ಮರ್ತಿರ್ತೀವಿ. ರಾಜ್ಯದ ಯಾವುದೇ ಭಾಗಕ್ಕೆ ಹರಿಕೇನ್ ವಾಚ್ ಅಥವಾ ವಾರ್ನಿಂಗ್ ಬಂದ ಕ್ಷಣದಿಂದ, ಕೊನೇ ವಾಚ್ ಅಥವಾ ವಾರ್ನಿಂಗ್ ತೆಗೆದು 72 ಗಂಟೆ ಆಗೋ ತನಕ ಆಗಿದ್ದೆಲ್ಲ ಇದರ ಲೆಕ್ಕಕ್ಕೆ. ಒಂದೇ ಸಮಾಧಾನ, ಒಂದೇ ಕಂಪನಿಯಲ್ಲಿ ಇದ್ರೆ ಒಂದು ಕ್ಯಾಲೆಂಡರ್ ವರ್ಷಕ್ಕೆ ಇದು ಒಂದೇ ಸಲ. ಹಾಗಾಗಿ ಮೊದಲ್ನೇ ಚಂಡಮಾರುತದಲ್ಲಿ ನಷ್ಟ ಡಿಡಕ್ಟಿಬಲ್‌ಗಿಂತ ಕಮ್ಮಿ ಇದ್ರೂ ಕಂಪನಿಗೆ ತಿಳಿಸಿ, ರಸೀದಿ ಎಲ್ಲ ಇಟ್ಕೊಳ್ಳಿ, ಅದೇ ವರ್ಷ ಇನ್ನೊಂದು ಬಂದ್ರೆ ಅದು ಲೆಕ್ಕಕ್ಕೆ ಸೇರತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ, ಆ ಡಿಡಕ್ಟಿಬಲ್ ಮೊತ್ತವನ್ನ ಬೇರೆ ಸೇವಿಂಗ್ಸ್ ಅಕೌಂಟಲ್ಲಿ ಮುಟ್ಟದೇ ಇಡಕ್ಕೆ ಆಗ್ದೇ ಇದ್ರೆ ಅಷ್ಟು ದೊಡ್ಡ ಪರ್ಸೆಂಟ್ ತಗೋಬಾರ್ದು.

ವಾಚ್ ಅಂದ್ರೆ ಗಾಳಿ ಶುರು ಆಗಕ್ಕೆ ಸುಮಾರು 48 ಗಂಟೆ ಮುಂಚೆ, ವಾರ್ನಿಂಗ್ ಅಂದ್ರೆ 36 ಗಂಟೆ. ಆ ಟೈಮಲ್ಲಿ ಎಲ್ರೂ ನೀರಿನ ಬಾಟಲಿ, ಪೆಟ್ರೋಲ್ ಅಂತ ಓಡ್ತಾರೆ, ಅದು ಬೇಕು, ಒಬ್ರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು. ಆದ್ರೆ ಅರ್ಧ ಗಂಟೆ ಎತ್ತಿಟ್ಟು ಫೋನಲ್ಲಿ ಇಡೀ ಮನೆಯ ವಿಡಿಯೋ ಮಾಡಿ, ಪ್ರತಿ ರೂಮು, ಪ್ರತಿ ಕಪಾಟು ತೆಗೆದು, ಫ್ರಿಡ್ಜ್, ವಾಷರ್, ಏಸಿಯ ಸೀರಿಯಲ್ ನಂಬರ್ ಕಾಣೋ ಹಾಗೆ, ಚಾವಣಿ ಹೊರಗಿಂದ, ಕ್ಲೌಡ್‌ಗೆ ಹಾಕಿ. ಎನ್‌ಎಫ್‌ಐಪಿ ಪಾಲಿಸಿ ಇದ್ರೆ ಮರಳು ಮೂಟೆ, ಪಂಪು ಇವಕ್ಕೆ ಒಂದು ಸಾವಿರ ಡಾಲರ್, ಸಾಮಾನು ಬೇರೆ ಕಡೆ ಸಾಗಿಸಿದ ಖರ್ಚಿಗೆ ಇನ್ನೊಂದು ಸಾವಿರ ಡಾಲರ್ ತನಕ ವಾಪಸ್ ಸಿಗತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ, ಬಿಲ್ ಬಿಸಾಕ್ತಾರೆ. ಕಿಟಕಿಗೆ ಟೇಪ್ ಅಂಟಿಸ್ಬೇಡಿ, ಗಾಜು ಇನ್ನೂ ದೊಡ್ಡ ಚೂರಾಗಿ ಹಾರತ್ತೆ. ಕಿಟಕಿ ಸ್ವಲ್ಪ ತೆಗೆದಿಟ್ರೆ ಒತ್ತಡ ಸಮ ಆಗತ್ತೆ ಅನ್ನೋದು ಪೂರ್ತಿ ಸುಳ್ಳು, ಒಳಗೆ ಹೊಕ್ಕ ಗಾಳಿ ಚಾವಣಿಯನ್ನ ಕೆಳಗಿಂದ ಎತ್ತತ್ತೆ, ಗ್ಯಾರೇಜ್ ಬಾಗಿಲು ಒಳಕ್ಕೆ ಬಗ್ಗಿದ್ರೆ ಮನೆ ಹೋಗೋದೂ ಹಾಗೇ.

ನಿಮ್ಮ ಝೋನ್ ಹೊರಡಿ ಅಂದ್ರೆ ಹೊರಡಿ. ಹೊರಡ್ಬೇಕಿಲ್ಲ ಅಂತಾದ್ರೆ ಮಾತ್ರ ಕೂತು ಕಾಯೋದು. ಕಿಟಕಿ ಇಲ್ಲದ ಒಳರೂಮು, ಶೂ ಕಾಲಲ್ಲೇ, ಪಾಲಿಸಿ ಪಾಸ್‌ಪೋರ್ಟು ಒಂದು ಚೀಲದಲ್ಲಿ, ಬಾತ್‌ಟಬ್ ತುಂಬ ಟಾಯ್ಲೆಟ್‌ಗೆ ನೀರು. ಮಿಲ್ಟನ್‌ಗೂ ನಾವು ಅದೇ ಸ್ನೇಹಿತರ ಮನೆಯ ಕಾರಿಡಾರ್‌ನಲ್ಲಿ ಕೂತಿದ್ವಿ, ಗಲ್ಫ್‌ನಲ್ಲಿ ಇದ್ದಾಗ ಅದರ ಗಾಳಿ 180 ಮೈಲಿ ಮುಟ್ಟಿತ್ತು, ದಡಕ್ಕೆ ಬರೋವಾಗ ಕ್ಯಾಟಗರಿ 3ಕ್ಕೆ ಇಳಿದಿತ್ತು, ಆದ್ರೂ ಗೋಡೆಗೆ ಕೈ ಇಟ್ರೆ ಒಳಗಿಂದ ಯಾರೋ ಗುನುಗ್ತಿರೋ ಹಾಗೆ ಅದುರ್ತಿತ್ತು. ಇದ್ದಕ್ಕಿದ್ದ ಹಾಗೆ ಎಲ್ಲ ನಿಂತು ನಿಶ್ಶಬ್ದ ಆದ್ರೆ ಮುಗೀತು ಅಂತ ಹೊರಗೆ ಹೋಗ್ಬೇಡಿ, ಅದು ಚಂಡಮಾರುತದ ಕಣ್ಣು, ಅಂದ್ರೆ ನಡುವಿನ ಶಾಂತ ಜಾಗ ಇರ್ಬಹುದು, ಆಚೆ ಬದಿಯ ಗಾಳಿಯ ಗೋಡೆ ಉಲ್ಟಾ ದಿಕ್ಕಿಂದ ಬರತ್ತೆ.

ಚಂಡಮಾರುತ ಹೋದ್ಮೇಲೂ ಜನ ಸಾಯ್ತಾರೆ, ಅದಕ್ಕೆ ಒಂದು ಕಾರಣ ಜನರೇಟರ್ ಹೊಗೆ. ಗ್ಯಾರೇಜ್‌ನಲ್ಲಿ, ವರಾಂಡದಲ್ಲಿ ಇಡಲೇಬಾರ್ದು, ಮನೆಯಿಂದ ಕನಿಷ್ಠ 20 ಅಡಿ ದೂರ. ಉಪ್ಪು ನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರು, ಸ್ಕೂಟರು ಮನೆ ಪಕ್ಕ ಬಿಡ್ಬೇಡಿ, ದಿನಗಳಾದ ಮೇಲೂ ಬ್ಯಾಟರಿ ಹೊತ್ಕೊಳ್ಳತ್ತೆ.

ನಮ್ಮದು ಎಇ ಝೋನ್, ಬ್ಯಾಂಕ್ ಬಲವಂತಕ್ಕೆ ಫ್ಲಡ್ ಪಾಲಿಸಿ ಇತ್ತು, ಪ್ರತಿ ವರ್ಷ ಕಟ್ಟೋವಾಗ ಗೊಣಗ್ತಿದ್ದೆ. ಹೆಲೀನ್ ಆದ ಮಾರನೇ ದಿನ ಬಾಗಿಲು ತೆಗೆದಾಗ ಗೋಡೆ ಮೇಲೆ ಕಂದು ಬಣ್ಣದ ಒಂದು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ ಎಲ್ಲ ರೂಮಲ್ಲೂ ಒಂದೇ ಎತ್ತರ, ನೆಲದಿಂದ ಒಂಬತ್ತು ಇಂಚು. ಮುಟ್ಟೋ ಮೊದ್ಲು ಟೇಪ್ ಹಿಡಿದು ಫೋಟೋ ತೆಗೀರಿ, ಆಮೇಲೆ ಅಡ್ಜಸ್ಟರ್‌ಗೆ (ನಷ್ಟ ಅಳೆಯಕ್ಕೆ ಬರೋ ಇನ್ಶೂರೆನ್ಸ್‌ನವರು) ಕಾಯದೇ ಒದ್ದೆ ಗೋಡೆ, ಕಾರ್ಪೆಟ್ ಕಿತ್ತು ಹಾಕಿ, ಒಂದೊಂದು ತುಂಡು ಸ್ಯಾಂಪಲ್ ಇಟ್ಕೊಳ್ಳಿ, ಬೂಸ್ಟು ಎರಡೇ ದಿನಕ್ಕೆ ಬರತ್ತೆ. ಪ್ರೂಫ್ ಆಫ್ ಲಾಸ್ ಅನ್ನೋ ಸಹಿ ಮಾಡಿದ ಪೇಪರ್ ಎನ್‌ಎಫ್‌ಐಪಿಗೆ 60 ದಿನದಲ್ಲಿ ಹೋಗ್ಬೇಕು, ಕೆಲವು ಸಲ ದೊಡ್ಡ ದುರಂತದಲ್ಲಿ ಗಡುವು ಮುಂದೂಡ್ತಾರೆ, ನಂಬ್ಕೊಂಡು ಕೂರ್ಬೇಡಿ. ಫ್ಲೋರಿಡಾದಲ್ಲಿ ಹೋಮ್‌ಓನರ್ಸ್ ಕ್ಲೇಮ್‌ಗೆ ಒಂದು ವರ್ಷ, ಆಮೇಲೆ ಸಿಕ್ಕ ನಷ್ಟ ಸೇರಿಸಕ್ಕೆ 18 ತಿಂಗಳು.

ಉಳಿತಾಯ ಪೂರ್ತಿ ನುಂಗೋ ನಿಯಮ ಇನ್ನೊಂದಿದೆ, 50 ಪರ್ಸೆಂಟ್ ರೂಲ್. ಎಇ, ವಿಇಯಂಥ ಝೋನಲ್ಲಿ ರಿಪೇರಿ ಖರ್ಚು ಕಟ್ಟಡದ ಮಾರ್ಕೆಟ್ ಬೆಲೆಯ ಅರ್ಧ ಮುಟ್ಟಿದ್ರೆ, ನೆಲದ ಬೆಲೆ ಬಿಟ್ಟು ಬರೀ ಕಟ್ಟಡದ್ದು, ಇಡೀ ಮನೆಯನ್ನ ಈಗಿನ ನಿಯಮಕ್ಕೆ ತರ್ಬೇಕು, ಅಂದ್ರೆ ಎತ್ತರಿಸ್ಬೇಕು ಇಲ್ಲ ಕೆಡವ್ಬೇಕು. ಹಳೇ ಮನೆಯ ಕಟ್ಟಡ 1,80,000 ಬೆಲೆ ಬಾಳಿದ್ರೆ ಮಿತಿ 90,000. ಎತ್ತರಿಸಕ್ಕೆ ಫ್ಲಡ್ ಪಾಲಿಸಿಯಲ್ಲಿ ಹೆಚ್ಚುವರಿ ಸಿಗೋದು ಗರಿಷ್ಠ 30,000. ನಮ್ಮ ಬೀದಿಯಲ್ಲಿ ರಿಟೈರ್ ಆದ ದಂಪತಿ ಹೀಗೇ ಸಿಕ್ಕಿಹಾಕ್ಕೊಂಡು ಮನೆಯನ್ನ ಬರೀ ಸೈಟ್ ಬೆಲೆಗೆ ಮಾರಿ ಹೋದ್ರು.

ಪಾಲಿಸಿನೇ ಇಲ್ಲದೋರಿಗೆ ಫೆಮಾ ಕೊಡೋದು ಸಹಾಯ ಅಷ್ಟೇ, ನಷ್ಟ ಪರಿಹಾರ ಅಲ್ಲ. ಮಿಲ್ಟನ್ ಟೈಮಲ್ಲಿ ಮನೆ ರಿಪೇರಿಗೆ ಮೇಲಿನ ಮಿತಿ 43,600 ಡಾಲರ್, ಹೆಚ್ಚಿನವರಿಗೆ ಅದರ ಹತ್ರನೂ ಬರಲ್ಲ. ಎಸ್‌ಬಿಎ ಅನ್ನೋ ಫೆಡರಲ್ ಸಂಸ್ಥೆ ಮನೆಗೆ 5,00,000 ತನಕ ಕೊಡತ್ತೆ, ಅದು ಸಾಲ, ತೀರಿಸ್ಬೇಕು. ಫೆಡರಲ್ ಡಿಸಾಸ್ಟರ್ ಅಂತ ಘೋಷಣೆ ಆಗಿದ್ರೆ, ಪ್ಲಾನ್ ಒಪ್ಪಿದ್ರೆ, 401ಕೆ ಅನ್ನೋ ರಿಟೈರ್‌ಮೆಂಟ್ ಉಳಿತಾಯದಿಂದ 22,000 ತನಕ ಪೆನಾಲ್ಟಿ ಇಲ್ಲದೆ ತೆಗೀಬಹುದು, ಟ್ಯಾಕ್ಸನ್ನ ಮೂರು ವರ್ಷಕ್ಕೆ ಹಂಚ್ಕೋಬಹುದು. ಮೇಲೆ ಹೇಳಿದ ಪರಿಚಯದವರು ಕೊನೆಗೆ ಅದನ್ನೇ ಮಾಡಿದ್ರು.

ನಮ್ಮ ಕ್ಲೇಮ್ ಚೆಕ್ ಬಂದಾಗ ಅದರ ಮೇಲೆ ನಮ್ಮ ಹೆಸರಿನ ಜೊತೆ ಸಾಲ ಕೊಟ್ಟ ಬ್ಯಾಂಕ್ ಹೆಸರೂ ಇತ್ತು, ಸಾಲ ಇದ್ದಷ್ಟು ದಿನ ಹಾಗೇ ಬರೋದು. ಅದನ್ನ ಬ್ಯಾಂಕ್‌ಗೆ ಕಳಿಸಿ, ಅವರು ಸಹಿ ಹಾಕಿ, ಕೆಲಸ ಆದ ಹಾಗೆ ಕಂತಲ್ಲಿ ಬಿಡ್ತಾರೆ, ಮೊದಲ್ನೇ ಕಂತು ಕೈ ಸೇರಕ್ಕೆ ನಮಗೆ ಏಳು ವಾರ ಹಿಡೀತು. ಆ ಏಳು ವಾರದ ಬಾಡಿಗೆ, ಗೋಡೆ ಕೀಳೋರ ಕೂಲಿ, ಒಣಗಿಸೋ ಮಷೀನು, ಎಲ್ಲ ನಮ್ಮ ಸೇವಿಂಗ್ಸ್‌ನಿಂದಲೇ ಹೋಗಿದ್ದು. ಹೊಸ ಗೋಡೆ ಬಂದಿದೆ. ಗ್ಯಾರೇಜ್‌ನಲ್ಲಿ ಮಾತ್ರ ನನ್ನ ಹೆಂಡತಿ ಆ ಕಂದು ಗೆರೆ ಅಳಿಸಕ್ಕೆ ಬಿಟ್ಟಿಲ್ಲ, ಅದರ ಪಕ್ಕ ಪೆನ್ಸಿಲ್‌ನಲ್ಲಿ ತಾರೀಕು ಬರೆದು, ಅದರ ಕೆಳಗೆ ಎರಡೂ ಪಾಲಿಸಿಯ ನಂಬರು, ರಿನ್ಯೂವಲ್ ತಿಂಗಳು ಬರ್ದಿಟ್ಟಿದ್ದಾಳೆ.